ಇಪ್ಪತ್ತೈದು ನಿಮಿಷದ ಚಿತ್ರ, ನಲವತ್ತು ವರ್ಷದ ಮಾತು

ಕಥಾಚಿತ್ರದ ನಿರ್ದೇಶಕರ ವೃತ್ತಿಜೀವನವನ್ನು ಬರೆಯುವುದು ಅಷ್ಟೇನೂ ಕಷ್ಟವಲ್ಲ. ಮೊದಲ ಚಿತ್ರ, ಅದು ಓಡಿದ ವಾರಗಳು, ನೆಲಕಚ್ಚಿದ ಎರಡನೆಯದು, ಬಂದ ಪ್ರಶಸ್ತಿ, ಮರಳಿ ಗೆದ್ದದ್ದು ಎಂದು ಸಾಲಾಗಿ ಜೋಡಿಸಿದರೆ ಒಂದು ಬದುಕಿನ ರೂಪರೇಖೆ ಸಿಕ್ಕಿಬಿಡುತ್ತದೆ. ಕಿರು ಸಾಕ್ಷ್ಯಚಿತ್ರ ಮಾಡುವವರಿಗೆ ಈ ಅಳತೆಗೋಲು ಒಗ್ಗುವುದಿಲ್ಲ. ಅವರ ಚಿತ್ರ ಟಾಕೀಸಿಗೆ ಬರುವುದಿಲ್ಲ, ಅದರ ಪೋಸ್ಟರು ಗೋಡೆ ಹತ್ತುವುದಿಲ್ಲ, ಗಲ್ಲಾಪೆಟ್ಟಿಗೆಯ ಲೆಕ್ಕವೂ ಇರುವುದಿಲ್ಲ. ಹಾಗಾಗಿ ಅವರನ್ನು ನೆನೆಯುವಾಗ ನಾವು ಸಾಮಾನ್ಯವಾಗಿ ವಿಷಯಗಳ ಪಟ್ಟಿ ಹೇಳಿ ಸುಮ್ಮನಾಗುತ್ತೇವೆ: ಕಾರ್ಮಿಕರ ಬಗ್ಗೆ ಒಂದು, ಗಲಭೆಯ ಬಗ್ಗೆ ಒಂದು, ಮಹಿಳೆಯರ ಬಗ್ಗೆ ಎರಡು. ಬೆಂಗಳೂರಿನಲ್ಲಿ ನೆಲೆಸಿ, ತಮ್ಮ ಮುಖ್ಯ ಚಿತ್ರಗಳಲ್ಲಿ ಹಲವನ್ನು ಹೈದರಾಬಾದಿನಲ್ಲಿ ಮಾಡಿದ ದೀಪಾ ಧನರಾಜ್ ಅವರ ನಲವತ್ತು ವರ್ಷಗಳ ಕೆಲಸವನ್ನು ಇಂಥ ಪಟ್ಟಿಯಲ್ಲಿ ಮುಗಿಸುವುದು ಅನ್ಯಾಯ. ಸಾಕ್ಷ್ಯಚಿತ್ರಕಾರರ ವೃತ್ತಿ ನಿಜವಾಗಿ ನಡೆಯುವುದು ಕ್ಯಾಮೆರಾ ಚಾಲೂ ಆಗುವ ಮೊದಲಿನ ಮಾತುಕತೆಯಲ್ಲಿ ಮತ್ತು ಪರದೆ ಆರಿದ ನಂತರದ ಚರ್ಚೆಯಲ್ಲಿ. ನಡುವಿನ ಚಿತ್ರ ಆ ಎರಡನ್ನೂ ಕೂಡಿಸುವ ಕೊಂಡಿ. ಇದು ನನ್ನ ವಾದ. ಎಂಬತ್ತರ ದಶಕವನ್ನು ನೆನೆದಷ್ಟೂ ಈ ವಾದ ನನಗೆ ಗಟ್ಟಿಯಾಗಿ ತೋರುತ್ತದೆ.

ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಕುಳಿತು ಇದನ್ನು ಬರೆಯುವುದಕ್ಕೂ ಅರ್ಥವಿದೆ. ಈ ಬಡಾವಣೆಗೆ ಹೆಸರು ಕೊಟ್ಟ ಮೆಹದಿ ನವಾಜ್ ಜಂಗ್ 1960ರಲ್ಲಿ ಗುಜರಾತಿನ ಮೊದಲ ರಾಜ್ಯಪಾಲರಾದವರು. ಇಲ್ಲಿಂದ ಪಶ್ಚಿಮಕ್ಕೆ ಹೊರಡುವ ರಸ್ತೆ ಚೇವೆಳ್ಳ, ಪರಿಗಿ, ಕೊಡಂಗಲ್ ದಾಟಿ ಕರ್ನಾಟಕ ಮುಟ್ಟುತ್ತದೆ. 1956ರ ನವೆಂಬರ್ 1ರವರೆಗೆ ಆ ಹಾದಿಯಲ್ಲಿ ರಾಜ್ಯದ ಗಡಿಯೇ ಇರಲಿಲ್ಲ. ಕಲಬುರಗಿ, ಬೀದರ್, ರಾಯಚೂರಿನವರಿಗೆ ರಾಜಧಾನಿ ಎಂದರೆ ಈ ಊರೇ. ಹೀಗಿದ್ದೂ ಹೈದರಾಬಾದಿನ ಬಗೆಗಿನ ಕನ್ನಡದ ನೆನಪು ನಿಜಾಮ, ರಜಾಕಾರ, ಏಕೀಕರಣ, ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ ಇಷ್ಟರಲ್ಲೇ ನಿಂತುಬಿಡುತ್ತದೆ. 1956ರ ಆಚೆಗಿನ ಹೈದರಾಬಾದು ನಮಗೆ ನೆಂಟರ ಊರು, ನೌಕರಿಯ ಊರು, ಆಸ್ಪತ್ರೆಯ ಊರು. ಆ ನಂತರದ ನಗರದ ಒಳಸಂಕಟಗಳನ್ನು ಕಣ್ಣಿಟ್ಟು ನೋಡಿ ದಾಖಲಿಸಿದವರಲ್ಲಿ ಬೆಂಗಳೂರಿನಿಂದ ಬಂದ ಒಬ್ಬ ನಿರ್ದೇಶಕಿಯೂ ಇದ್ದರು ಎಂಬುದನ್ನು ಕನ್ನಡ ಓದುಗರಿಗೆ ನೆನಪಿಸಬೇಕಾಗಿದೆ.

ಅವರು ಕೆಲಸ ಆರಂಭಿಸಿದಾಗ ನಮ್ಮ ಜನಕ್ಕೆ ಸಾಕ್ಷ್ಯಚಿತ್ರ ಎಂದರೆ ಏನಾಗಿತ್ತು? 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಷನ್ನಿನ ಕಿರುಚಿತ್ರ. ಮುಖ್ಯ ಚಿತ್ರಕ್ಕೆ ಮೊದಲು ಅದನ್ನು ತೋರಿಸಲೇಬೇಕೆಂಬ ನಿಯಮವಿತ್ತು. ಜನ ಆ ಹೊತ್ತಿನಲ್ಲಿ ಹೊರಗೆ ಬೀಡಿ ಸೇದುತ್ತಿದ್ದರು. ಅಣೆಕಟ್ಟು, ಗೋಧಿ, ಕುಟುಂಬ ಯೋಜನೆಯ ಬಗ್ಗೆ ಒಂದು ಗಡಸು ಗಂಡುಧ್ವನಿ ನಮಗೆ ತಿಳಿಹೇಳುತ್ತಿತ್ತು. ಇದರ ಪಕ್ಕದಲ್ಲಿ ಕನ್ನಡಕ್ಕೆ ಇನ್ನೊಂದು ಒಳ್ಳೆಯ ಪರಂಪರೆಯೂ ಇತ್ತು: ಹಿರಿಯರ ವ್ಯಕ್ತಿಚಿತ್ರ. ಗಿರೀಶ ಕಾರ್ನಾಡರು 1972ರಲ್ಲಿ ಬೇಂದ್ರೆಯವರ ಮೇಲೆ ಮಾಡಿದ ಚಿತ್ರ ಅದರ ಮಾದರಿ. ಅವರದೇ ‘ಕನಕ ಪುರಂದರ’ ಮುಂದೆ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಮೊದಲನೆಯದರಲ್ಲಿ ಸರಕಾರ ಜನರಿಗೆ ಹೇಳುತ್ತಿತ್ತು, ಎರಡನೆಯದರಲ್ಲಿ ಕಲಾವಿದ ದೊಡ್ಡವರ ಬಗ್ಗೆ ಹೇಳುತ್ತಿದ್ದ. ಎರಡರಲ್ಲೂ ಪ್ರೇಕ್ಷಕ ಕೇಳುವವನಷ್ಟೇ. 1980ರಲ್ಲಿ ಅಭಾ ಭಯ್ಯಾ, ಮೀರಾ ರಾವ್, ದೀಪಾ ಧನರಾಜ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಸೇರಿ ‘ಯುಗಾಂತರ್’ ಎಂಬ ಚಿತ್ರಸಮೂಹ ಕಟ್ಟಿದಾಗ ಈ ಪಾತ್ರಹಂಚಿಕೆಯೇ ಬದಲಾಯಿತು. ಯಾರ ಬಗ್ಗೆ ಚಿತ್ರವೋ ಅವರೇ ಚಿತ್ರದ ಯೋಜನೆಯೊಳಗೆ ಬಂದರು, ಚಿತ್ರ ಮುಗಿದ ಮೇಲೆ ಅವರೇ ಅದರ ಮೊದಲ ಪ್ರೇಕ್ಷಕರಾದರು. ತುರ್ತುಪರಿಸ್ಥಿತಿ ಮುಗಿದು ಮೂರೇ ವರ್ಷ ಕಳೆದಿದ್ದ ಕಾಲ ಅದು. ಸರಕಾರದ ಧ್ವನಿಯನ್ನು ನಂಬಿ ಕೂರುವ ಸ್ಥಿತಿಯಲ್ಲಿ ಆ ತಲೆಮಾರು ಇರಲಿಲ್ಲ.

ನನ್ನ ಮೊದಲ ಸಾಕ್ಷ್ಯ ಕರ್ನಾಟಕದ್ದೇ. ಪುಣೆಯ ಮನೆಗೆಲಸದ ಹೆಂಗಸರ ಸಂಘಟನೆಯ ಮೇಲೆ ‘ಮೋಲ್ಕರೀನ್’ ಮಾಡಿದ ಮೇಲೆ ಯುಗಾಂತರ್ ತಂಡ ಬಂದದ್ದು ಬೆಳಗಾವಿ ಜಿಲ್ಲೆಯ ನಿಪ್ಪಾಣಿಗೆ. ತಂಬಾಕಿನ ಊರು ಅದು. 1981ರ ಏಪ್ರಿಲಿನಲ್ಲಿ ಬೆಲೆಗಾಗಿ ಹೆದ್ದಾರಿಗಿಳಿದ ತಂಬಾಕು ಬೆಳೆಗಾರರ ಮೇಲೆ ಗೋಲಿಬಾರ್ ಆಗಿ ನಿಪ್ಪಾಣಿಯ ಹೆಸರು ದೇಶಕ್ಕೆಲ್ಲ ತಿಳಿದಿತ್ತು. ಬೆಳೆಗಾರರ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅದೇ ತಂಬಾಕನ್ನು ಕಾರ್ಖಾನೆಯ ಧೂಳಿನಲ್ಲಿ ಕುಟ್ಟಿ, ಜರಡಿ ಹಿಡಿದು, ಕೆಮ್ಮುತ್ತ ದಿನ ದೂಡುತ್ತಿದ್ದ ಹೆಂಗಸರ ಸುದ್ದಿ ಅಷ್ಟಾಗಿ ಬರಲಿಲ್ಲ. ತಂಡ ತಿಂಗಳುಗಟ್ಟಲೆ ಅವರ ನಡುವೆ ಇದ್ದು ಮೊದಲು ಕೇಳಿಸಿಕೊಂಡಿತು. ಕೂಲಿ, ಕಾಯಿಲೆ, ಮೇಸ್ತ್ರಿಯ ಕಿರುಕುಳ, ಸಂಘ ಕಟ್ಟಿದ ಬಗೆ ಎಲ್ಲವೂ ಮಾತಿನಲ್ಲಿ ಹೊರಬಂದ ಮೇಲೆ ಏನನ್ನು ತೋರಿಸಬೇಕು ಎಂಬುದನ್ನು ಹೆಂಗಸರ ಜೊತೆ ಕೂತೇ ಗೊತ್ತುಮಾಡಿಕೊಂಡಿತು. ಮಾಲೀಕರಿಗೆ ಬೇಡವಾಗಿದ್ದರೂ ಕ್ಯಾಮೆರಾ ಕಾರ್ಖಾನೆಯ ಒಳಗೆ ಹೋಯಿತು. ಹೀಗೆ ಹುಟ್ಟಿದ ‘ತಂಬಾಕು ಚಾಕಿಲಾ ಊಬ್ ಆಲಿ’ 1982ರದು; ಭಾಷೆ ಮರಾಠಿ, ಅವಧಿ ಇಪ್ಪತ್ತೈದು ನಿಮಿಷ. ಗಡಿಜಿಲ್ಲೆಯ ಬಗ್ಗೆ ನಮ್ಮಲ್ಲಿ ರಾಶಿರಾಶಿ ಬರೆದಿದ್ದೇವೆ, ಅದರಲ್ಲಿ ಬಹುಪಾಲು ಭಾಷೆಯ ವ್ಯಾಜ್ಯದ ಬಗ್ಗೆ. ಅದೇ ನೆಲದ ಹೆಣ್ಣಾಳುಗಳ ದುಡಿಮೆಯ ಬಗ್ಗೆ ಇಷ್ಟು ನೇರವಾದ ದಾಖಲೆ ಇನ್ನೊಂದು ನನಗೆ ಗೊತ್ತಿಲ್ಲ.

ಇಪ್ಪತ್ತೈದು ನಿಮಿಷ ಎಂಬ ಅಳತೆಯನ್ನು ಬಡತನದ ಗುರುತೆಂದು ತಿಳಿಯುವವರಿದ್ದಾರೆ. ಹಣವಿದ್ದಿದ್ದರೆ ದೊಡ್ಡ ಚಿತ್ರವನ್ನೇ ಮಾಡುತ್ತಿದ್ದರು ಎಂಬುದು ಅವರ ಎಣಿಕೆ. ಆ ಕಾಲದ 16 ಎಂಎಂ ತಂತ್ರವನ್ನು ಬಲ್ಲವರಿಗೆ ಇದರ ಇನ್ನೊಂದು ಮುಖ ಕಾಣುತ್ತದೆ. ಕ್ಯಾಮೆರಾಕ್ಕೆ ಹಾಕುವ 400 ಅಡಿಯ ರೀಲು ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ, ಧ್ವನಿಯನ್ನು ಬೇರೆ ಯಂತ್ರದಲ್ಲಿ ಹಿಡಿಯಬೇಕು, ಕಚ್ಚಾ ಫಿಲ್ಮ್ ದುಬಾರಿ, ತೆಗೆದದ್ದು ಲ್ಯಾಬಿನಿಂದ ಬರುವವರೆಗೆ ಏನು ಬಂದಿದೆ ಎಂದು ಗೊತ್ತಾಗುವುದಿಲ್ಲ. ಹೀಗಿರುವಾಗ ಮೊದಲು ತೆಗೆದು ಆಮೇಲೆ ಯೋಚಿಸುವ ಸವಲತ್ತು ಯಾರಿಗೂ ಇರಲಿಲ್ಲ. ಮೊದಲು ಮಾತಾಡಲೇಬೇಕು, ತಿಳಿಯಲೇಬೇಕು, ಆಮೇಲೆ ಗುಂಡಿ ಒತ್ತಬೇಕು. ತಂತ್ರದ ಇಕ್ಕಟ್ಟೇ ಕೇಳಿಸಿಕೊಳ್ಳುವ ಶಿಸ್ತನ್ನು ಕಲಿಸಿತು. ಪ್ರದರ್ಶನದ ಲೆಕ್ಕವೂ ಹಾಗೆಯೇ. ಇಪ್ಪತ್ತೈದು ನಿಮಿಷಕ್ಕೆ ಬೇಕಾದದ್ದು ಸುಮಾರು 900 ಅಡಿ ಫಿಲ್ಮ್. ಅದು ಒಂದೇ ಸುರುಳಿಯಲ್ಲಿ ಕೂರುತ್ತದೆ, ಒಬ್ಬರೇ ಹೊತ್ತೊಯ್ಯಬಹುದು, ನಡುವೆ ರೀಲು ಬದಲಿಸಬೇಕಿಲ್ಲ. ಹಗಲೆಲ್ಲ ದುಡಿದ ಹೆಂಗಸರು ಸಂಜೆ ಒಂದು ಕಡೆ ಸೇರಿದರೆ ಅರ್ಧ ಗಂಟೆ ನೋಡಬಹುದು, ಒಂದು ಗಂಟೆ ಮಾತಾಡಬಹುದು. ತೊಂಬತ್ತು ನಿಮಿಷದ ಚಿತ್ರವಾದರೆ ಮಾತಿಗೆ ಹೊತ್ತು ಉಳಿಯುವುದಿಲ್ಲ, ಮನೆಯಲ್ಲಿ ಒಲೆ ಕಾಯುತ್ತಿರುತ್ತದೆ. ಕಿರುತನ ಇಲ್ಲಿ ಚರ್ಚೆಗೆ ಬಿಟ್ಟ ಜಾಗ.

ಹೈದರಾಬಾದಿನ ಮೊದಲ ಚಿತ್ರ ಈ ವಿಧಾನವನ್ನು ಇನ್ನೂ ಮುಂದೆ ಒಯ್ಯಿತು. 1978ರಲ್ಲಿ ನಲ್ಲಕುಂಟ ಪೊಲೀಸ್ ಠಾಣೆಯಲ್ಲಿ ಒಬ್ಬ ಹೆಣ್ಣಿನ ಮೇಲೆ ನಡೆದ ಅತ್ಯಾಚಾರ, ಆಕೆಯ ಗಂಡನ ಸಾವು, ಅದರ ಹಿಂದೆಯೇ ಊರಿಗೂರೇ ಕೆರಳಿದ್ದು ಇಲ್ಲಿನ ಹಳಬರಿಗೆ ಮರೆತಿಲ್ಲ. ಆ ಮೊಕದ್ದಮೆ ವರ್ಗವಾಗಿ ಬಂದದ್ದು ನಮ್ಮ ರಾಯಚೂರಿನ ನ್ಯಾಯಾಲಯಕ್ಕೆ. ಅಲ್ಲಿ ಆರೋಪಿ ಪೊಲೀಸರು ಖುಲಾಸೆಯಾದರು. ಅದೇ ಸುಮಾರಿಗೆ ಈ ನಗರದಲ್ಲಿ ಹುಟ್ಟಿದ ಸಂಘಟನೆ ಸ್ತ್ರೀ ಶಕ್ತಿ ಸಂಘಟನ. ತೆಲಂಗಾಣ ಸಶಸ್ತ್ರ ಹೋರಾಟದಲ್ಲಿದ್ದ ಹೆಂಗಸರ ಮಾತುಗಳನ್ನು ಕಲೆಹಾಕಿ ‘ಮನಕು ತೆಲಿಯನಿ ಮನ ಚರಿತ್ರ’ ಎಂಬ ಪುಸ್ತಕ ಮಾಡಿದ್ದು ಇದೇ ಗುಂಪು. ಇವರ ಜೊತೆ ಯುಗಾಂತರ್ 1983ರಲ್ಲಿ ಮಾಡಿದ ತೆಲುಗು ಚಿತ್ರ ‘ಇದಿ ಕಥ ಮಾತ್ರಮೇನಾ’. ಅದು ಮನೆಯೊಳಗಿನ ಹಿಂಸೆಯ ಬಗ್ಗೆ. ಕಾರ್ಖಾನೆಯ ಬಾಗಿಲನ್ನಾದರೂ ತಳ್ಳಿಕೊಂಡು ಒಳಗೆ ಹೋಗಬಹುದು, ಸಂಸಾರದ ಬಾಗಿಲು ಹಾಗಲ್ಲ. ಗಂಡ ಹೊಡೆಯುವಾಗ ಕ್ಯಾಮೆರಾ ಅಲ್ಲಿರುವುದಿಲ್ಲ. ಆದ್ದರಿಂದ ಹಲವರ ಅನುಭವಗಳನ್ನು ಒಟ್ಟಿಗಿಟ್ಟುಕೊಂಡು, ಸಂಘಟನೆಯವರೇ ಸನ್ನಿವೇಶ ಕಟ್ಟಿ ಅಭಿನಯಿಸಿದರು. ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವೆಂದು ಹೇಳಿದ 498ಎ ಕಲಮು ದಂಡಸಂಹಿತೆಗೆ ಸೇರಿದ್ದು ಅದೇ 1983ರ ಡಿಸೆಂಬರಿನಲ್ಲಿ. ಒಂದು ಚಿತ್ರದಿಂದ ಕಾಯಿದೆ ಬಂತು ಎಂದು ನಾನು ಹೇಳುತ್ತಿಲ್ಲ. ಕಾನೂನು ಮತ್ತು ಚಿತ್ರ ಎರಡೂ ದೇಶದುದ್ದಕ್ಕೂ ನಡೆದ ಒಂದೇ ದೊಡ್ಡ ಮಾತುಕತೆಯಿಂದ ಹುಟ್ಟಿದವು ಎನ್ನುತ್ತಿದ್ದೇನೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಅಭಿನಯಿಸಿದ್ದು ಸಾಕ್ಷ್ಯ ಹೇಗಾಗುತ್ತದೆ? ಹೋರಾಟಗಾರರ ಜೊತೆ ಸೇರಿ ಮಾಡಿದ ಚಿತ್ರ ಪಕ್ಷಪಾತಿಯಲ್ಲವೇ? ಎರಡೂ ತೂಕದ ಪ್ರಶ್ನೆಗಳು. ಪಕ್ಷಪಾತವನ್ನು ಮೊದಲು ನೋಡೋಣ. ಈ ಚಿತ್ರಗಳು ಯಾರ ಪರ ಎಂಬುದನ್ನು ಮುಚ್ಚಿಡಲಿಲ್ಲ. ಫಿಲ್ಮ್ಸ್ ಡಿವಿಷನ್ನಿನ ನಿರೂಪಕನಿಗೂ ಪಕ್ಷವಿತ್ತು, ಅವನು ಅದನ್ನು ರಾಷ್ಟ್ರಹಿತ ಎಂದು ಕರೆಯುತ್ತಿದ್ದ, ಅಷ್ಟೇ ವ್ಯತ್ಯಾಸ. ತಾನು ಎಲ್ಲಿ ನಿಂತಿದ್ದೇನೆ ಎಂದು ಹೇಳಿ ಮಾತಾಡುವವರನ್ನು ಪ್ರೇಕ್ಷಕ ಅಳೆಯಬಲ್ಲ. ಎಲ್ಲಿಯೂ ನಿಂತಿಲ್ಲವೆಂದು ನಟಿಸುವವರನ್ನು ಅಳೆಯುವುದು ಕಷ್ಟ. ಅಭಿನಯದ ವಿಷಯಕ್ಕೆ ಬಂದರೆ, ಅನುಭವಿಸಿದವರೇ ಒಪ್ಪಿ, ತಿದ್ದಿ, ಮರುಕಟ್ಟಿದ ಸನ್ನಿವೇಶಕ್ಕೂ ನಿರ್ದೇಶಕನೊಬ್ಬ ತನ್ನ ಕಲ್ಪನೆಯಿಂದ ಬರೆದ ದೃಶ್ಯಕ್ಕೂ ಅಂತರವಿದೆ. ಚಿತ್ರದ ಶೀರ್ಷಿಕೆಯೇ ಇದು ಬರೀ ಕಥೆಯೇ ಎಂದು ಪ್ರೇಕ್ಷಕರನ್ನು ಕೇಳುತ್ತದೆ. ನೋಡಿದ ಹೆಂಗಸರು ಹೌದು ಎಂದರೆ ಚಿತ್ರ ಬಿದ್ದುಹೋಗುತ್ತದೆ, ಇಲ್ಲ ಎಂದು ತಮ್ಮ ಮಾತು ಶುರುಮಾಡಿದರೆ ನಿಲ್ಲುತ್ತದೆ. ಅದರ ಸತ್ಯಪರೀಕ್ಷೆ ನಡೆಯುವುದು ಪ್ರದರ್ಶನದ ನಂತರ ಎಂದು ನಾನು ಹೇಳುವುದು ಇದಕ್ಕೇ.

ಈ ವಿಧಾನಕ್ಕೂ ಒಂದು ಮಿತಿಯಿದೆ ಎಂದು ತೋರಿಸಿಕೊಟ್ಟದ್ದು ಹೈದರಾಬಾದೇ. 1984ರ ಆಗಸ್ಟ್ 16ರಂದು ಎನ್.ಟಿ. ರಾಮರಾವ್ ಸರಕಾರ ವಜಾ ಆಯಿತು. ನಾದೆಂಡ್ಲ ಭಾಸ್ಕರರಾವ್ ಮುಖ್ಯಮಂತ್ರಿಯಾದರು. ಒಂದು ತಿಂಗಳಿಗೆ ಸರಿಯಾಗಿ ರಾಮರಾವ್ ಮರಳಿ ಬಂದರು. ಶಾಸಕರ ತಲೆ ಎಣಿಸುವ ಆ ತಿಂಗಳಲ್ಲೇ ಗಣೇಶನ ಮೆರವಣಿಗೆಯ ಸುತ್ತ ಗಲಭೆ ಎದ್ದು ಹಳೆಯ ನಗರ ಕರ್ಫ್ಯೂವಿಗೆ ಬಿತ್ತು. ‘ಹೈದರಾಬಾದ್ ಏಕ್ತಾ’ ಎಂಬ ನಾಗರಿಕರ ಗುಂಪಿಗಾಗಿ ದೀಪಾ ಧನರಾಜ್ ಮಾಡಿದ ‘ಕ್ಯಾ ಹುವಾ ಇಸ್ ಶಹರ್ ಕೋ?’ 1986ರಲ್ಲಿ ಸಿದ್ಧವಾಯಿತು. ಇದು ಕಿರುಚಿತ್ರವಲ್ಲ, ಒಂದೂವರೆ ಗಂಟೆಯದು. ನಿಪ್ಪಾಣಿಯಲ್ಲಿ ಒಂದು ಸಂಘವಿತ್ತು, ಅದರ ಜೊತೆ ಕೂತು ಚಿತ್ರ ಮಾಡಬಹುದಿತ್ತು. ಒಡೆದ ನಗರದಲ್ಲಿ ಯಾರ ಜೊತೆ ಕೂರುವುದು? ಹಾಗಾಗಿ ಚಿತ್ರ ಬೇರೆ ದಾರಿ ಹಿಡಿಯಿತು: ಬೀದಿಯ ಮೆರವಣಿಗೆ, ಎರಡೂ ಕಡೆಯ ನಾಯಕರ ಭಾಷಣ, ಸುಟ್ಟ ಅಂಗಡಿ, ಕರ್ಫ್ಯೂವಿನಲ್ಲಿ ಕೂಲಿ ಕಳೆದುಕೊಂಡವರ ಮಾತು, ಇವೆಲ್ಲದರ ಹಿಂದಿನ ಮತದ ಲೆಕ್ಕ ಮತ್ತು ಜಮೀನಿನ ಲೆಕ್ಕ. ಗಲಭೆ ಸಿಡಿಲಿನಂತೆ ತಾನಾಗಿ ಬೀಳುವುದಿಲ್ಲ, ಅದನ್ನು ಯಾರೋ ಸಿದ್ಧಪಡಿಸುತ್ತಾರೆ ಎಂಬುದು ಅದರ ತೀರ್ಮಾನ. ಅಯೋಧ್ಯೆಯ ರಥ ಹೊರಡುವುದಕ್ಕೆ ನಾಲ್ಕು ವರ್ಷ ಮೊದಲೇ ಬಂದ ಚಿತ್ರ ಇದು ಎಂಬುದನ್ನು ನೆನೆದರೆ ಅದರ ದೂರದೃಷ್ಟಿ ತಿಳಿಯುತ್ತದೆ. ಮೆಹದಿಪಟ್ಟಣಂ ಈ ಕಥೆಯ ಹೊರಗಿನದಲ್ಲ. ಮೂಸಿ ನದಿಯ ಆಚೆಯ ಹಳೆಯ ನಗರ ಬಿಟ್ಟು ಬಂದ ಕುಟುಂಬಗಳು, ಗಲ್ಫಿನ ದುಡಿಮೆ ಇವು ಸೇರಿ ಮೆಹದಿಪಟ್ಟಣಂ, ಟೋಲಿಚೌಕಿಗಳನ್ನು ಬೆಳೆಸಿದವು. ಯಾರಿಗೆ ಯಾವ ಬಡಾವಣೆಯಲ್ಲಿ ಮನೆ ಬಾಡಿಗೆಗೆ ಸಿಗುತ್ತದೆ ಎಂಬ ಇಂದಿನ ಪ್ರಶ್ನೆಗೆ ಎಂಬತ್ತರ ದಶಕದ ಆ ಚಿತ್ರದಲ್ಲಿ ಉತ್ತರದ ಅರ್ಧ ಭಾಗವಿದೆ.

ಎರಡನೆಯ ಆಕ್ಷೇಪ ಫಲದ್ದು. ಇಷ್ಟೆಲ್ಲ ಮಾಡಿ ಏನಾಯಿತು, ನೋಡಿದವರೆಷ್ಟು, ಬದಲಾದದ್ದೇನು? ಲೆಕ್ಕದ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರಿಸುವುದಾದರೆ ಸೋಲಬೇಕು. ಒಂದು ಸಾಧಾರಣ ವ್ಯಾಪಾರಿ ಚಿತ್ರವನ್ನು ಒಂದೇ ದಿನ ನೋಡುವಷ್ಟು ಜನ ಈ ಚಿತ್ರಗಳನ್ನು ನೋಡಿರಲಾರರು. ಆದರೆ 1991ರ ‘ಸಮ್‌ಥಿಂಗ್ ಲೈಕ್ ಎ ವಾರ್’ ಚಿತ್ರದ ಗತಿಯನ್ನು ಗಮನಿಸಿ. ತುರ್ತುಪರಿಸ್ಥಿತಿಯಲ್ಲಿ ಗಂಡಸರಿಗೆ ಬಲವಂತದ ಸಂತಾನಹರಣ ಮಾಡಿ ಸರಕಾರವೇ ಬಿದ್ದ ಮೇಲೆ ಕುಟುಂಬ ಯೋಜನೆಯ ಗುರಿ ಹೆಂಗಸರ ಕಡೆ ತಿರುಗಿತ್ತು. ಶಿಬಿರಗಳಲ್ಲಿ ಸಾಲಾಗಿ ಮಲಗಿಸಿ, ನಿಮಿಷಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆ ಮಾಡಿ, ಗುರಿ ಮುಟ್ಟಿದೆ ಎಂದು ಹೆಮ್ಮೆಪಡುವ ವ್ಯವಸ್ಥೆಯನ್ನು ಆ ಚಿತ್ರ ಮುಖಾಮುಖಿ ತೋರಿಸಿತು. ಅದರ ಪಕ್ಕದಲ್ಲೇ ಹಳ್ಳಿಯ ಹೆಂಗಸರು ವೃತ್ತವಾಗಿ ಕೂತು ತಮ್ಮ ಮೈಯ ಬಗ್ಗೆ ತಾವೇ ಮಾತಾಡುವುದನ್ನು ತೋರಿಸಿತು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದ ಬಳಿ ಒಂದೇ ಶಿಬಿರದಲ್ಲಿ 83 ಹೆಂಗಸರಿಗೆ ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಹನ್ನೆರಡಕ್ಕೂ ಹೆಚ್ಚು ಮಂದಿ ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ನಿಲ್ಲಿಸಬೇಕೆಂದು ಹೇಳಿತು. ಚಿತ್ರ ಹೇಳಿದ ಮಾತು ನ್ಯಾಯಾಲಯದಲ್ಲಿ ಕೇಳಿಸುವುದಕ್ಕೆ ಇಪ್ಪತ್ತೈದು ವರ್ಷ ಹಿಡಿಯಿತು. ಇದನ್ನು ಚಿತ್ರದ ಸೋಲೆಂದು ಕರೆಯಬಹುದು. ನನಗೆ ಅದು ಕೇಳಬೇಕಾದವರ ಸೋಲಾಗಿ ಕಾಣುತ್ತದೆ. ತಿಳಿದಿರಲಿಲ್ಲ ಎಂಬ ನೆಪ ಮಾತ್ರ 1991ರ ಆಚೆಗೆ ಯಾರಿಗೂ ಉಳಿಯಲಿಲ್ಲ.

ಮೂರನೆಯದು ಹೆಚ್ಚು ಚುಚ್ಚುವ ಆಕ್ಷೇಪ: ಇಂಗ್ಲಿಷ್ ಬಲ್ಲ ನಗರದವರು ಕೂಲಿ ಹೆಂಗಸರ, ದಲಿತರ ನೋವನ್ನು ಚಿತ್ರ ಮಾಡಿ ಪರದೇಶದ ಉತ್ಸವಗಳಿಗೆ ಒಯ್ಯುತ್ತಾರೆ ಎಂಬುದು. ಇದನ್ನು ಪೂರ್ತಿ ತಳ್ಳಿಹಾಕಲು ಬರುವುದಿಲ್ಲ. ‘ಸಮ್‌ಥಿಂಗ್ ಲೈಕ್ ಎ ವಾರ್’ ತಯಾರಾದದ್ದು ಬ್ರಿಟನ್ನಿನ ಚಾನೆಲ್ 4ಕ್ಕಾಗಿ. ನಮ್ಮ ದೂರದರ್ಶನಕ್ಕೆ ಅಂಥ ಚಿತ್ರ ಬೇಕಿರಲಿಲ್ಲ. ಹಣ ಕೊಡುವವರು ದೂರದಲ್ಲಿದ್ದಾಗ ಚಿತ್ರ ಯಾರಿಗಾಗಿ ಎಂಬ ಪ್ರಶ್ನೆ ಏಳಲೇಬೇಕು. ಇದಕ್ಕೆ ಉತ್ತರ ಸಿಗುವುದು ಇಡೀ ವೃತ್ತಿಯ ನಡೆಯಲ್ಲಿ. ಕನ್ನಡದ ಹೆಣ್ಣುಮಕ್ಕಳಿಗಾಗಿ 1995ರಲ್ಲಿ ‘ಇಟ್ಟ ಹೆಜ್ಜೆ ಮುಂದಕ್ಕ ತೆಗೆಯಬೇಡಿರಿ ಹಿಂದಕ್ಕ’ ಮಾಡಿದವರೂ ಇವರೇ. 2011ರ ‘ಇನ್ವೋಕಿಂಗ್ ಜಸ್ಟಿಸ್’ನಲ್ಲಿ ತಮಿಳುನಾಡಿನ ಮುಸ್ಲಿಂ ಹೆಂಗಸರು ತಾವೇ ಜಮಾತ್ ಕಟ್ಟಿ ನ್ಯಾಯ ಹೇಳುತ್ತಾರೆ. ಹೈದರಾಬಾದಿಗೂ ಅವರು ಮತ್ತೆ ಮತ್ತೆ ಮರಳಿದರು: ಇಲ್ಲಿನ ಮಾನವಹಕ್ಕುಗಳ ವಕೀಲ ಕೆ.ಜಿ. ಕಣ್ಣಬಿರಾನ್ ಅವರ ಮೇಲೆ 2007ರಲ್ಲಿ ‘ದಿ ಅಡ್ವೊಕೇಟ್’, 2016ರ ಜನವರಿಯಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧಕ ರೋಹಿತ್ ವೇಮುಲ ಜೀವ ಕಳೆದುಕೊಂಡ ನಂತರದ ವಿದ್ಯಾರ್ಥಿ ಚಳವಳಿಯ ಮೇಲೆ 2018ರಲ್ಲಿ ‘ವಿ ಹ್ಯಾವ್ ನಾಟ್ ಕಮ್ ಹಿಯರ್ ಟು ಡೈ’. ಮೂವತ್ತೈದು ವರ್ಷದ ಅಂತರದಲ್ಲಿ ಒಂದೇ ನಗರಕ್ಕೆ ಹೀಗೆ ಬರುತ್ತಲೇ ಇರುವುದು ನೋವನ್ನು ಹೆಕ್ಕಿಕೊಂಡು ಹೋಗುವವರ ಲಕ್ಷಣವಲ್ಲ. ಅದೇ ಚಳವಳಿಯ ಬಗ್ಗೆ ತುಳು ಚಿತ್ರ ‘ಸುದ್ದ’ದ ನಿರ್ದೇಶಕ ಪಿ.ಎನ್. ರಾಮಚಂದ್ರ ಕೂಡ ಒಂದು ಸಾಕ್ಷ್ಯಚಿತ್ರ ಮಾಡಿದರು. 2017ರಲ್ಲಿ ಕೇರಳದ ಕಿರುಚಿತ್ರ ಉತ್ಸವದಲ್ಲಿ ಅದನ್ನು ತೋರಿಸಲು ಬೇಕಿದ್ದ ವಿನಾಯಿತಿಯನ್ನು ಕೇಂದ್ರ ಸಚಿವಾಲಯ ಕೊಡಲಿಲ್ಲ. ಸಣ್ಣ ಚಿತ್ರ, ಕೆಲವೇ ಪ್ರೇಕ್ಷಕರು. ಆದರೂ ತಡೆಯುವವರಿಗೆ ಅದರ ಬಲ ಗೊತ್ತಿದೆ.

ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ, ಹನ್ನೊಂದು ನಿಮಿಷಕ್ಕೆ ಮುಗಿಯುವ ರೀಲಿನ ಕಾಟವಿಲ್ಲ, ಹಾಗಾದರೆ ಸಾಕ್ಷ್ಯಚಿತ್ರಕಾರರ ವೃತ್ತಿಗೆ ಇನ್ನು ಅರ್ಥವೇನು ಎಂದು ಕೇಳುವವರೂ ಉಂಟು. ಮೆಹದಿಪಟ್ಟಣಂನ ಮೇಲ್ಸೇತುವೆಯ ಕೆಳಗೆ ಒಂದು ಜಗಳವಾದರೆ ಐದು ನಿಮಿಷದಲ್ಲಿ ಅದರ ಹತ್ತು ವಿಡಿಯೋ ಊರೆಲ್ಲ ಸುತ್ತುತ್ತವೆ, ನಿಜ. ಅವು ಜಗಳವನ್ನು ತೋರಿಸುತ್ತವೆ. ಅದಕ್ಕೆ ಮೊದಲಿನ ಹತ್ತು ವರ್ಷವನ್ನು ತೋರಿಸುವುದಿಲ್ಲ, ನೋಡಿದವರನ್ನು ಒಂದು ಕಡೆ ಕೂರಿಸಿ ಮಾತಾಡಿಸುವುದೂ ಇಲ್ಲ. ದೃಶ್ಯ ಹೆಚ್ಚಿದಷ್ಟೂ ಕೇಳಿಸಿಕೊಳ್ಳುವ ಶಿಸ್ತಿನ ಬೆಲೆ ಏರುತ್ತದೆ. ಹೈದರಾಬಾದಿನಲ್ಲಿ ಅಂಥ ಜಾಗಗಳು ಇನ್ನೂ ಇವೆ. ಮೆಹದಿಪಟ್ಟಣಂಗೆ ದೂರವಲ್ಲದ ಬಂಜಾರಾ ಹಿಲ್ಸ್‌ನಲ್ಲಿ 2010ರಿಂದ ನಡೆಯುತ್ತಿರುವ ‘ಲಾಮಕಾನ್’ ಛಾಯಾಗ್ರಾಹಕ, ಸಾಕ್ಷ್ಯಚಿತ್ರಕಾರ ಎಂ. ಹಸನ್ ಅವರ ಮನೆಯಾಗಿತ್ತು. ಈಗ ಅಲ್ಲಿ ಚಿತ್ರ ನೋಡಿ ಚಹಾ ಕುಡಿದು ವಾದ ಮಾಡಬಹುದು.

2023ರಲ್ಲಿ ಕೇರಳದ ಕಿರುಚಿತ್ರ ಉತ್ಸವ ದೀಪಾ ಧನರಾಜ್ ಅವರಿಗೆ ಜೀವಮಾನ ಸಾಧನೆಯ ಗೌರವ ಕೊಟ್ಟಿತು. ಅದೇ ವರ್ಷದ ಜೂನಿನಲ್ಲಿ, ಈ ಚಿತ್ರಗಳ ಕಣ್ಣಾಗಿದ್ದ ಅವರ ಬಾಳಸಂಗಾತಿ ನವರೋಜ್ ಕಾಂಟ್ರಾಕ್ಟರ್ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಯುಗಾಂತರ್ ಚಿತ್ರಗಳನ್ನೂ ‘ಕ್ಯಾ ಹುವಾ ಇಸ್ ಶಹರ್ ಕೋ?’ವನ್ನೂ ಹಾಳಾಗದಂತೆ ಉಳಿಸಿ ಡಿಜಿಟಲ್ ರೂಪಕ್ಕೆ ತಂದದ್ದು ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ. ನಿಪ್ಪಾಣಿಯ ಹೆಂಗಸರ ನೆನಪನ್ನು ಜರ್ಮನಿ ಕಾಪಾಡಬೇಕಾಯಿತು. ಬೆಳಗಾವಿಯೂ ಬೆಂಗಳೂರೂ ಕಾಪಾಡಲಿಲ್ಲ. ಮಾತಿನಿಂದ ಹುಟ್ಟಿ ಮಾತಿಗಾಗಿ ಬದುಕುವ ಚಿತ್ರಗಳಿಗೆ ಭಂಡಾರದಲ್ಲಿ ಭದ್ರವಾಗಿದ್ದರೆ ಸಾಲದು, ಅವನ್ನು ತೋರಿಸಬೇಕು. ಬೆಳಗಾವಿ, ಕಲಬುರಗಿ, ಹಂಪಿಯ ವಿಶ್ವವಿದ್ಯಾಲಯಗಳು, ನಮ್ಮ ಚಲನಚಿತ್ರ ಅಕಾಡೆಮಿ, ಹೈದರಾಬಾದಿನ ಕನ್ನಡ ಸಂಘಗಳು ಇವುಗಳಲ್ಲಿ ಯಾರಾದರೂ ಒಬ್ಬರು ಈ ಚಿತ್ರಗಳಿಗೆ ಕನ್ನಡ ಉಪಶೀರ್ಷಿಕೆ ಹಾಕಿಸಲಿ. ಮೊದಲ ಪ್ರದರ್ಶನ ನಿಪ್ಪಾಣಿಯಲ್ಲಿ ಆಗಲಿ, ಎರಡನೆಯದು ಇಲ್ಲಿ. ಚಿತ್ರಕ್ಕೆ ಇಪ್ಪತ್ತೈದು ನಿಮಿಷ ಸಾಕು. ಸಭಾಂಗಣವನ್ನು ಮಾತ್ರ ಎರಡು ಗಂಟೆಗೆ ಗೊತ್ತುಮಾಡಿ.